ಏಳು ನಂಬರ್ ಪಾರ್ಸೆಲ್

ಇಂಥದ್ದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ಪುಟ ಮಗುಚಿ ಮುಂದೆ ಹೋಗುತ್ತಿದ್ದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಉಡುಪಿ ಕಡೆಯಿಂದ ಮುಂಬಯಿಗೆ ಬಂದವನು ನಾನು. ತಟ್ಟೆ ತೊಳೆದೆ, ಹಿಟ್ಟು ರುಬ್ಬಿದೆ, ಆಮೇಲೆ ವಿಕ್ರೋಳಿಯ ಒಂದು ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತವನು ಇವತ್ತಿಗೂ ನಿಂತೇ ಇದ್ದೇನೆ. ಕಣ್ಣಿಗೆ ಕಂಡದ್ದು, ಕೈಗೆ ಬಿಸಿ ತಾಗಿದ್ದು, ಅಷ್ಟನ್ನೇ ನಂಬಿದವನು. ಯಾರಾದರೂ ಶಕುನ, ಸೂಚನೆ ಎಂದರೆ ಮುಖದೆದುರೇ ನಗುತ್ತಿದ್ದೆ.

ನಾಲ್ಕು ವರ್ಷದ ಹಿಂದೆ ನನ್ನ ಹೆಂಡತಿ ಸುಮತಿಗೆ ಗರ್ಭಕೋಶ ತೆಗೆಯುವ ಆಪರೇಷನ್ ಆಯಿತು. ಮಲಾಡಿನ ಒಂದು ಆಸ್ಪತ್ರೆ. ಹೊಟ್ಟೆ ಉದ್ದಕ್ಕೆ ಕೊಯ್ಯದೆ ಸಣ್ಣ ತೂತಿನಲ್ಲೇ ಮಾಡಿದ್ದರು. ಎಲ್ಲ ಸರಿ ಇದ್ದರೆ ಎರಡನೇ ದಿನ ಮನೆಗೆ ಹೋಗಬಹುದು ಎಂದಿದ್ದರು ಡಾಕ್ಟರಮ್ಮ. ಆ "ಎಲ್ಲ ಸರಿ ಇದ್ದರೆ" ಎಂಬುದನ್ನು ಬಿಟ್ಟು ಉಳಿದದ್ದನ್ನು ಹೋಟೆಲಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಊರಿನಿಂದ ಅತ್ತಿಗೆ ಫೋನಿನಲ್ಲೇ ರೇಗಿದರು: "ಎರಡೇ ದಿನವಾ? ನನ್ನನ್ನು ಹತ್ತು ದಿನ ಮಲಗಿಸಿದ್ರು ಮಾರಾಯಾ. ಅವಳೆಂತ ನಿನ್ನ ಹೆಂಡತಿಯಾ, ರಿಪೇರಿಗೆ ಕೊಟ್ಟ ಮಿಕ್ಸಿಯಾ?"

"ಈಗ ಕಾಲ ಬದಲಾಗಿದೆ ಅತ್ತಿಗೆ" ಎಂದು ದೊಡ್ಡವನ ಹಾಗೆ ಹೇಳಿ ಫೋನ್ ಇಟ್ಟೆ. ಆದರೆ ಆ ಮಾತು ಎದೆಯಲ್ಲಿ ಚುಚ್ಚುತ್ತಲೇ ಇತ್ತು.

ಎರಡನೇ ದಿನ ಬೆಳಿಗ್ಗೆ ಅವಳನ್ನು ಬೇರೆ ವಾರ್ಡಿನ ಏಳನೇ ಮಂಚಕ್ಕೆ ಬದಲಾಯಿಸಿದರು. ಮುಖ ನೆನೆಹಾಕಿದ ಅಕ್ಕಿಯ ಹಾಗೆ ಬಿಳುಚಿತ್ತು. ಏನಾಗುತ್ತಿದೆ ಎಂದು ಕೇಳಿದೆ.

"ನೋವು ಸ್ವಲ್ಪ ಜಾಸ್ತಿ ಉಂಟು. ಸಿಸ್ಟರ್ ಹತ್ರ ಹೇಳ್ಬೇಡಿ, ಮತ್ತೆ ಬಿಡೋದಿಲ್ಲ ಅವರು. ಮನೆಗೆ ಹೋದ್ರೆ ಸರಿಯಾಗ್ತದೆ."

ನಾನು ಹೇಳಬೇಕಿತ್ತು. ಡಾಕ್ಟರಮ್ಮ ಬಂದಾಗ ಎರಡು ಸಲ ಬಾಯಿ ತೆರೆದೆ. ಅವರು ಇಂಗ್ಲಿಷಿನಲ್ಲಿ ಏನೋ ಬರೆಯುತ್ತಿದ್ದರು. ಅವರ ಮುಂದೆ ದಡ್ಡನ ಹಾಗೆ ಕಾಣಲು ಮನಸ್ಸಾಗಲಿಲ್ಲ. ರಿಕ್ಷಾಕ್ಕೆ ಹೇಳಲು ಹೊರಗೆ ಹೋದೆ. ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಇಲ್ಲಿ ನಮ್ಮ ಕೆಲಸದ ರೀತಿ ಸ್ವಲ್ಪ ಹೇಳಬೇಕು. ಕಾವಲಿಯ ಮುಂದೆ ನಿಂತವನು ತಲೆ ಎತ್ತುವುದಿಲ್ಲ. ಹೊರಗಿನಿಂದ ಸಪ್ಲೈಯರ್ ಕೂಗುತ್ತಾನೆ, ಒಳಗೆ ಕೈ ಕೇಳುತ್ತದೆ. "ಮೂರು ನಂಬರ್, ಎರಡು ಮಸಾಲೆ" ಅಂದರೆ ಮೂರನೇ ಟೇಬಲಿಗೆ ಹಿಟ್ಟು ಹೊಯ್ಯುವುದು. "ಪಾರ್ಸೆಲ್" ಅಂದರೆ ಕಟ್ಟಲು ಎಲೆ ಹಾಸುವುದು. ಗಿರಾಕಿ ಮನಸ್ಸು ಬದಲಾಯಿಸಿ "ಪಾರ್ಸೆಲ್ ಬೇಡ, ಇಲ್ಲೇ" ಎಂದು ಕೂಗು ಬಂದರೆ ಕೈ ಅಲ್ಲೇ ನಿಲ್ಲುತ್ತದೆ. ಯೋಚನೆ ಆಮೇಲೆ. ನಮ್ಮಲ್ಲಿ ಹಾಗೆ ಕೂಗುವವರು ರಾಘಣ್ಣ, ನನಗಿಂತ ಹಳಬರು. ಅವರ ಗಂಟಲು ಸ್ಟೇಷನ್ನಿನವರೆಗೆ ಕೇಳುತ್ತದೆ ಎಂದು ತಮಾಷೆ ಮಾಡುತ್ತೇವೆ.

ಮಧ್ಯಾಹ್ನ ಒಂದೂವರೆ. ಸುಮತಿ ಮಂಚದಲ್ಲಿ ಸೀರೆಯುಟ್ಟು ಕೂತಿದ್ದಳು. ರಿಕ್ಷಾಕ್ಕೆ ಹೇಳಿ ಆಗಿತ್ತು. ಸಿಸ್ಟರ್ ಡಿಸ್ಚಾರ್ಜ್ ಕಾಗದ ಮುಂದಿಟ್ಟು ಸಹಿ ಮಾಡುವ ಜಾಗ ತೋರಿಸಿದರು. ಪೆನ್ನು ಕಾಗದಕ್ಕೆ ತಾಗಿಸಿದೆ.

"ಏಳು ನಂಬರ್, ಪಾರ್ಸೆಲ್ ಬೇಡ! ಇಲ್ಲೇ!"

ರಾಘಣ್ಣನ ಗಂಟಲು. ಬೆನ್ನ ಹಿಂದೆ, ನಾಲ್ಕು ಮಾರು ದೂರದಲ್ಲಿ. ನನ್ನ ಕೈ ನಿಂತಿತು. ತಿರುಗಿ ನೋಡಿದರೆ ಗೋಡೆ, ನೀರಿನ ಫಿಲ್ಟರ್, ಒಂದು ಖಾಲಿ ವೀಲ್‌ಚೇರ್.

"ಕಾಯ್ ಝಾಲಂ ಕಾಕಾ?" ಏನಾಯಿತು ಎಂದು ಸಿಸ್ಟರ್ ಕೇಳಿದರು. ಅವರಿಗೆ ಏನೂ ಕೇಳಿಸಿರಲಿಲ್ಲ. ನನಗೆ ಬರುವ ಹರಕು ಮರಾಠಿಯಲ್ಲಿ, ಅವಳಿಗೆ ನೋವು ಜಾಸ್ತಿ ಇದೆ, ನಿಮಗೆ ಹೇಳಲಿಲ್ಲ, ಇವತ್ತು ಕರೆದುಕೊಂಡು ಹೋಗುವುದಿಲ್ಲ ಎಂದೆ. ಸುಮತಿ ನನ್ನನ್ನು ಸುಡುವ ಹಾಗೆ ನೋಡಿದಳು. ಸಿಸ್ಟರ್ ಕೂಡಲೇ ಅವಳ ನಾಡಿ ಹಿಡಿದರು, ಬಿಪಿ ನೋಡಿದರು, ಓಡಿದರು. ಒಳಗೆ ರಕ್ತ ಸೋರುತ್ತಿತ್ತು. ಅರ್ಧ ಗಂಟೆಯೊಳಗೆ ಮತ್ತೆ ಥಿಯೇಟರಿಗೆ ಒಯ್ದರು.

ಆ ಬಾಗಿಲ ಹೊರಗೆ ನಾನು ಕೂತದ್ದನ್ನು ಬರೆಯಲು ಬರುವುದಿಲ್ಲ. ಮಲಾಡಿನಿಂದ ವಿಕ್ರೋಳಿ, ಆ ಟ್ರಾಫಿಕ್, ಲಿಫ್ಟ್ ಇಲ್ಲದ ನಮ್ಮ ಬಿಲ್ಡಿಂಗಿನ ನಾಲ್ಕು ಮಾಳಿಗೆ: ಇದನ್ನೇ ಲೆಕ್ಕ ಹಾಕುತ್ತಿದ್ದೆ. ಡಾಕ್ಟರಮ್ಮ ಹೊರಬಂದು, "ಈಗ ಪರವಾಗಿಲ್ಲ. ದಿನ ಎಷ್ಟು ಅನ್ನುವುದಕ್ಕಿಂತ ಪೇಷಂಟ್ ಹೇಗಿದ್ದಾರೆ ಅನ್ನುವುದು ಮುಖ್ಯ. ನೋವು ಮುಚ್ಚಿಡಬಾರದು" ಎಂದು ಹಿಂದಿಯಲ್ಲಿ ಹೇಳಿದರು. ನನ್ನನ್ನು ದಡ್ಡನ ಹಾಗೆ ನೋಡಲಿಲ್ಲ.

ಸಂಜೆ ಹೋಟೆಲಿಗೆ ಫೋನ್ ಮಾಡಿದೆ. ತೆಗೆದವರು ರಾಘಣ್ಣ. ನಾನು ವಿಷಯ ಹೇಳುವ ಮೊದಲೇ ಅವರು ಶುರು ಮಾಡಿದರು: "ಮಾರಾಯಾ, ನನಗೆ ವಯಸ್ಸಾಯ್ತು. ಮಧ್ಯಾಹ್ನ ಊಟದ ರಶ್ಶಿನಲ್ಲಿ ಸುಮ್ಮನೆ ಏಳು ನಂಬರ್ ಪಾರ್ಸೆಲ್ ಬೇಡ ಅಂತ ಕೂಗಿಬಿಟ್ಟೆ. ಎಲ್ಲರೂ ನಗ್ಲಿಕ್ಕೆ ಶುರು. ನಮ್ಮಲ್ಲಿ ಇರುವುದೇ ಆರು ಟೇಬಲ್, ಅಲ್ವಾ?"

ಅವಳನ್ನು ಏಳನೇ ಮಂಚಕ್ಕೆ ಹಾಕಿದ್ದು ಹೋಟೆಲಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮತ್ತೆ ಆಪರೇಷನ್ ಆದದ್ದನ್ನು ಮಾತ್ರ ಹೇಳಿ ಫೋನ್ ಇಟ್ಟೆ. ಅವರ ಕೂಗು ನನಗೆ ಕೇಳಿಸಿದ್ದನ್ನು ಇವತ್ತಿನವರೆಗೂ ಹೇಳಿಲ್ಲ.

ಸುಮತಿ ಐದು ದಿನ ಆದ ಮೇಲೆ ಮನೆಗೆ ಬಂದಳು. ಈಗ ನಾಲ್ಕು ಮಾಳಿಗೆ ನನಗಿಂತ ಮೊದಲು ಹತ್ತುತ್ತಾಳೆ.

ಹೋದ ವರ್ಷ ಮಾಲೀಕರು, ಕಿಟಕಿಯ ಹತ್ತಿರ ಇನ್ನೊಂದು, ಏಳನೇ ಟೇಬಲ್ ಹಾಕುವ ಎಂದರು. ಬೇಡ ಎಂದೆ. ಯಾಕೆ ಎಂದು ಕೇಳಿದರು. ಜಾಗ ಸಾಲದು ಎಂದೆ. ಜಾಗ ಬೇಕಾದಷ್ಟು ಉಂಟು.