ಘಾಟಿಯ ತುದಿಯ ಸೂಪು

ದೊಡ್ಡ ಹೋಟೆಲೊಂದರ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಇಸ್ತ್ರಿಯಕ್ಕ ಅನ್ನುತ್ತಾರೆ. ಒದ್ದೆ ಚಾದರಗಳನ್ನು ಬಿಸಿ ಉರುಳೆಗಳ ನಡುವೆ ತೂರಿಸಿ, ಆ ಕಡೆಯಿಂದ ಗರಿಗರಿಯಾಗಿ ಬಂದದ್ದನ್ನು ಮೂಲೆಗೆ ಮೂಲೆ ಕೂಡಿಸಿ ಮಡಚುವುದು ಅವಳ ಕೆಲಸ. ಮದುವೆಗೂ ಮುಂಚಿನಿಂದ ಅದನ್ನೇ ಮಾಡಿಕೊಂಡು ಬಂದಿದ್ದಾಳೆ. ಎರಡೂ ಮುಂಗೈಗಳ ಮೇಲೆ ಉರುಳೆ ತಾಗಿ ಸುಟ್ಟ ಹಳೆಯ ಗೆರೆಗಳಿವೆ. ಯಾರದೇ ಮನೆಗೆ ಹೋದರೂ ಮೇಜಿನ ಬಟ್ಟೆಯನ್ನು ಅಂಗೈಯಿಂದ ಒಮ್ಮೆ ಸವರದೆ ಕೂರುವವಳಲ್ಲ. ಸುಕ್ಕು ಇದ್ದರೆ ಕೆಲಸ ಬಾಕಿ. ಸುಕ್ಕು ಹೋಯಿತೋ, ಮುಗಿಯಿತು, ಪಕ್ಕಕ್ಕಿಟ್ಟು ಮುಂದಿನದಕ್ಕೆ ಕೈ ಹಾಕುವುದು. ಬಟ್ಟೆಗಷ್ಟೇ ಅಲ್ಲ, ಬದುಕಿನಲ್ಲಿ ಎಲ್ಲದಕ್ಕೂ ಅವಳ ಲೆಕ್ಕ ಅದೊಂದೇ ಆಗಿತ್ತು.

ಗಂಡ ಲಾರಿ ಡ್ರೈವರ್. ಬಂದರಿನಿಂದ ಸರಕು ತುಂಬಿಸಿಕೊಂಡು ಘಾಟಿ ಹತ್ತಿ ಆಚೆ ಬಯಲಿನ ಊರುಗಳಿಗೆ ಇಳಿಸಿ ಬರುತ್ತಿದ್ದ. ತಿಂಗಳಲ್ಲಿ ಮನೆಯಲ್ಲಿ ಕಾಣಿಸುತ್ತಿದ್ದದ್ದು ಕೆಲವೇ ದಿನ. ಬರುವಾಗ ಚೀಲದಲ್ಲಿ ಮಾಸಿದ ಬಟ್ಟೆ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ತರುವುದನ್ನೆಲ್ಲ ಬಾಯಲ್ಲಿ ತರುತ್ತಿದ್ದ. ನದಿ ದಾಟುವ ಕಡೆ ದೋಣಿಯವನೊಬ್ಬ ಹುರಿದುಕೊಟ್ಟ ಮೀನು, ಚೆಕ್‌ಪೋಸ್ಟಿನ ಪಕ್ಕದ ಗಾಡಿಯಲ್ಲಿ ಬ್ರೆಡ್ಡಿನ ಮೇಲೆ ಸುರಿದುಕೊಡುವ ಈರುಳ್ಳಿ ಮೊಟ್ಟೆ. ತಿಂದದ್ದನ್ನು ಅವನು ಹೇಳುವುದು, ಅವಳು ಕೇಳಿ ಮಾಡುವುದು. ಮೀನು ಎರಡನೇ ಸಲಕ್ಕೆ, ಮೊಟ್ಟೆ ಮೊದಲನೇ ಸಲಕ್ಕೇ ಸರಿಹೋಯಿತು. "ಅದೇ! ಅದೇ ಇದು!" ಎಂದು ಅವನು ತೊಡೆ ತಟ್ಟಿದ. ಅಲ್ಲಿಗೆ ಅವುಗಳ ಕಥೆ ಮುಗಿಯಿತು. ಆಮೇಲೆ ಅವು ಮನೆಯ ದಿನನಿತ್ಯದ ಅಡುಗೆಗೆ ಸೇರಿಕೊಂಡವು. ಅವಳು ಒಬ್ಬಳೇ ಒಲೆಯ ಮುಂದೆ ನಿಂತು ಮಾಡಿ ಬಡಿಸುತ್ತಿದ್ದಳು, ಅವನು ಹೊರಗಿನ ಕೋಣೆಯಲ್ಲಿ ಪೇಪರ್ ಓದುತ್ತಾ ತಿನ್ನುತ್ತಿದ್ದ.

ಸರಿಹೋಗದೆ ಉಳಿದದ್ದು ಘಾಟಿಯ ತುದಿಯ ಸೂಪು.

ಘಾಟಿಯ ನೆತ್ತಿಯಲ್ಲಿ ತಗಡಿನ ಮಾಡಿನ ಒಂದು ಅಂಗಡಿ, ಅಲ್ಲಿ ಬಿಳಿ ಬೀನ್ಸ್ ಕಾಳಿನ ಸೂಪು ಕೊಡುತ್ತಾರೆ ಎಂದು ಮದುವೆಯಾದ ಹೊಸದರಲ್ಲೇ ಅವನು ಶುರುಮಾಡಿದ್ದ.

"ಹೇಗಿರುತ್ತೆ ರುಚಿ?"

"ಮೊದಲು ಸಮತಟ್ಟು ರಸ್ತೆ. ಆಮೇಲೆ ಒಂದು ಏರು. ಗೇರು ಬದಲಾಯಿಸೋಣ ಅನ್ನೋಷ್ಟರಲ್ಲಿ ಇಳಿಜಾರು."

"ಖಾರಾನೋ ಹುಳೀನೋ ಅದನ್ನ ಹೇಳ್ರೀ."

"ಏರು ಅಂದ್ನಲ್ಲ."

"ಏರನ್ನ ಯಾವ ಅಂಗಡೀಲಿ ಮಾರ್ತಾರೆ? ಹೋಗಿ ತರ್ತೀನಿ."

ಅವನು ನಗುತ್ತಾ ಅಡುಗೆಮನೆಯ ಗಿಡ್ಡ ಮಣೆ ಎಳೆದುಕೊಂಡು ಗೋಡೆಗೊರಗಿ ಕೂರುತ್ತಿದ್ದ. ಬೆಳ್ಳುಳ್ಳಿ ಸುಲಿಯುವ ಕೆಲಸ ಅವನದು. ಆ ಕೆಲಸದಲ್ಲಿ ಅವನಷ್ಟು ನಿಧಾನಿಯನ್ನು ಅವಳು ಕಂಡಿರಲಿಲ್ಲ. ಒಂದೊಂದು ಎಸಳನ್ನೂ ಬೆಳಕಿಗೆ ಹಿಡಿದು ನೋಡುತ್ತಾ, ನಡುವೆ ದಾರಿಯಲ್ಲಿ ಕಂಡದ್ದನ್ನೆಲ್ಲ ಹೇಳುತ್ತಾ ಕೂತಿರುತ್ತಿದ್ದ. ಕಾಳು ಬೇಯಲು ಹೊತ್ತು ಹಿಡಿಯುತ್ತಿತ್ತು. ಮನೆಯೊಳಗೆ ಬೇರೆ ಯಾವ ಹೊತ್ತಿನಲ್ಲೂ ಅವರಿಬ್ಬರ ನಡುವೆ ಅಷ್ಟು ಮಾತು ನಡೆದದ್ದಿಲ್ಲ. ಕೊನೆಗೆ ಅವಳು ಸೌಟಿನಲ್ಲಿ ಸ್ವಲ್ಪ ಎತ್ತಿ ಊದಿ ಕೊಟ್ಟರೆ ಅವನು ಕಣ್ಣುಮುಚ್ಚಿ ಚಪ್ಪರಿಸುವನು. ಮಗಳು ಚಿಕ್ಕವಳಿದ್ದಾಗ ಬಾಗಿಲಿಗೆ ಜೋತುಬಿದ್ದು ಕೇಳುತ್ತಿದ್ದಳು: "ಅಪ್ಪಾ, ಪಾಸಾ ಫೇಲಾ?"

"ಹತ್ತಿರ ಬಂದಿದ್ದಾಳೆ ನಿಮ್ಮಮ್ಮ. ಆದ್ರೆ ಏನೋ ಒಂದು ಕಡಿಮೆ."

ಅವಳು ಬಿಡುವವಳಲ್ಲ. ಮುಂದಿನ ಸಲ ಬೆಳ್ಳುಳ್ಳಿಯನ್ನು ಹುರಿದು ಹಾಕಿದಳು. ಅದರ ಮುಂದಿನ ಸಲ ಟೊಮೆಟೊವನ್ನು ಬೆಂಕಿಯ ಮೇಲೆ ಸುಟ್ಟು ಸಿಪ್ಪೆ ಸುಲಿದು ಹಾಕಿದಳು. ಒಮ್ಮೆ ನಿಂಬೆಹಣ್ಣಿನ ಸಿಪ್ಪೆಯನ್ನು ತುರಿದು ಉದುರಿಸಿದಳು. ಈರುಳ್ಳಿಯನ್ನು ಕಪ್ಪಗಾಗುವ ತನಕ ಬಾಡಿಸಿ ನೋಡಿದಳು. ಎಲ್ಲದಕ್ಕೂ ಅವನ ತೀರ್ಪು ಒಂದೇ. ಮಗಳು ಬೆಳೆದು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸಕ್ಕೆ ಸೇರಿದಳು, ಮದುವೆಯಾಗಿ ಆಚೆ ಬೀದಿಯಲ್ಲಿ ಮನೆ ಮಾಡಿದಳು. ಸೂಪು ಮಾತ್ರ ಪಾಸಾಗಲಿಲ್ಲ.

ಮೊದಮೊದಲು ಅದೊಂದು ತಮಾಷೆಯಾಗಿತ್ತು. ಯಾವಾಗ ಅದು ಮುಳ್ಳಾಗಿ ಚುಚ್ಚತೊಡಗಿತೋ ಅವಳಿಗೂ ನೆನಪಿಲ್ಲ. "ಅಲ್ಲಿ ಮಾಡೋ ಕೈ ಯಾವುದು?" ಎಂದು ಒಮ್ಮೆ ಕೇಳಿದ್ದಳು. "ಆ ಕೈನಾ? ಆ ಕೈಗೆ ಸಾಟಿ ಎಲ್ಲಿದೆ ಬಿಡು!" ಎಂದು ಅವನು ಬಿದ್ದು ಬಿದ್ದು ನಕ್ಕಿದ್ದ. ಅಂದಿನಿಂದ ಆ ಕೈ ಅವಳ ಕಣ್ಣಮುಂದೆ ಬರತೊಡಗಿತು. ದುಂಡಗಿನ ಮಣಿಕಟ್ಟು, ಸುಟ್ಟ ಗೆರೆ ಒಂದೂ ಇಲ್ಲದ ನುಣುಪಾದ ಕೈ. ವಯಸ್ಸೆಷ್ಟು ಎಂದು ಕೇಳಲು ನಾಲಗೆ ಏಳಲಿಲ್ಲ.

ಹೋಟೆಲು ತುಂಬಿ ತುಳುಕುವ ಕಾಲದ ಒಂದು ದಿನ. ಜೊತೆಯವರಿಬ್ಬರು ರಜೆ ಹಾಕಿದ್ದರು, ಚಾದರದ ರಾಶಿ ಕರಗುತ್ತಲೇ ಇರಲಿಲ್ಲ. ಮೊಣಕೈಯ ಹತ್ತಿರ ಹೊಸದಾಗಿ ಸುಟ್ಟುಕೊಂಡು ಅವಳು ಮನೆಗೆ ಬಂದರೆ ಅವನು ತಾನೇ ಕಾಳು ನೆನೆಸಿ, ಬೆಳ್ಳುಳ್ಳಿ ಸುಲಿದಿಟ್ಟು ಮಣೆಯ ಮೇಲೆ ಕಾದು ಕೂತಿದ್ದ. "ಬನ್ನಿ ಇಸ್ತ್ರಿ ಮೇಡಂ, ಇವತ್ತು ಒಂದು ಕೈ ನೋಡೇಬಿಡೋಣ" ಎಂದ. ಅವಳು ಮಾತಿಲ್ಲದೆ ಮಾಡಿದಳು. ಅವನು ಕಣ್ಣುಮುಚ್ಚಿದ.

"ಏನೋ ಒಂದು..."

ಅವಳು ಫಟ್ಟನೆ ಒಲೆ ಆರಿಸಿದಳು. "ಹಾಗಾದ್ರೆ ಆ ಕೈ ಹತ್ರಾನೇ ಹೋಗಿ ತಿನ್ನಿ. ನನ್ನ ಕೈಲಿ ಇನ್ನಾಗಲ್ಲ."

ಅವನು ಮಿಕ್ಕಿದ್ದ ಬೆಳ್ಳುಳ್ಳಿಯನ್ನು ಬಟ್ಟಲಿಗೆ ತುಂಬಿಟ್ಟ. "ಸರಿ ಬಿಡು. ಸುಸ್ತಾಗಿದ್ದೀಯ" ಎಂದಷ್ಟೇ ಹೇಳಿ, ಸಿಪ್ಪೆಗಳನ್ನು ಗುಡ್ಡೆ ಮಾಡಿ ಎತ್ತಿಕೊಂಡು ಹೋದ.

ಆಮೇಲೆ ಇನ್ನೊಂದು ಸಲ ಮನೆಗೆ ಬಂದಾಗ ಅವನು ಕಾಳು ನೆನೆಸಿಟ್ಟ. ಅವಳು ಅದನ್ನು ನೋಡಿಯೂ ನೋಡದವಳ ಹಾಗೆ ಮಾರನೆಯ ದಿನದ ಪಲ್ಯಕ್ಕೆ ಸುರಿದಳು. ಅವನು ಪಲ್ಯ ತಿಂದು ಚೆನ್ನಾಗಿದೆ ಎಂದ. ಮತ್ತೆ ಯಾವತ್ತೂ ಕಾಳು ನೆನೆಸಲಿಲ್ಲ.

ಆ ವರ್ಷ ಮುಗಿಯುವುದರೊಳಗೆ ಅವನು ಹೋದ. ತೂಕದ ಕಟ್ಟೆಯ ಮುಂದೆ ಲಾರಿಗಳು ಸಾಲುಗಟ್ಟಿದ್ದಾಗ, ಕೂತ ಸೀಟಿನಲ್ಲೇ. ಮುಂದಿನ ಲಾರಿ ಸರಿದರೂ ಇದು ಸರಿಯದಿದ್ದಾಗ ಹಿಂದಿನವನು ಹಾರ್ನ್ ಮೇಲೆ ಹಾರ್ನ್ ಹೊಡೆದನಂತೆ. ಬೈಗುಳವನ್ನು ಬಾಯಲ್ಲೇ ಸಿದ್ಧಮಾಡಿಕೊಂಡು ಇಳಿದು ಬಂದವನು ಕಿಟಕಿಯೊಳಗೆ ಇಣುಕಿ ತಲೆಯ ಮೇಲಿನ ಟೋಪಿ ತೆಗೆದನಂತೆ. ಎಂಜಿನ್ ಆರಿಸಿತ್ತು, ಹ್ಯಾಂಡ್ ಬ್ರೇಕ್ ಎಳೆದಿತ್ತು.

ಲಾರಿ ಮೈದುನನ ಪಾಲಿಗೆ ಬಂತು. ಅವನು ಅಣ್ಣನ ಜೊತೆಯಲ್ಲೇ ಕ್ಲೀನರಾಗಿ ಸೇರಿ ಡ್ರೈವರಾದವನು, ಮಾತಿನ ಮಲ್ಲ. ಅತ್ತಿಗೆ ಎಂದರೆ ಅವನಿಗೆ ಅರ್ಧ ತಾಯಿ. ಕೆಲವು ತಿಂಗಳು ಕಳೆದ ಮೇಲೆ ಅವಳು ಅವನನ್ನು ಕರೆದು ಹೇಳಿದಳು: "ನನ್ನನ್ನ ಒಂದ್ಸಲ ಘಾಟಿಗೆ ಕರ್ಕೊಂಡು ಹೋಗು."

"ಲಾರೀಲಾ? ಮೈಕೈಯೆಲ್ಲ ಪುಡಿಯಾಗುತ್ತೆ ಅತ್ತಿಗೆ. ಆಮೇಲೆ ನಿಮ್ಮನ್ನೇ ಉರುಳೆಗೆ ಹಾಕಿ ಇಸ್ತ್ರಿ ಮಾಡಬೇಕಾಗುತ್ತೆ. ಅಲ್ಲೇನಿದೆ?"

"ಆ ಸೂಪಲ್ಲಿ ಇರೋದೇನು, ನನ್ನದರಲ್ಲಿ ಕಡಿಮೆಯಾಗಿದ್ದು ಏನು ಅಂತ ನೋಡಬೇಕು. ತಿಳ್ಕೊಂಡು ಬಂದು ಒಂದ್ಸಲ ಸರಿಯಾಗಿ ಮಾಡಬೇಕು."

ಮೈದುನ ಏನೋ ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ.

ಘಾಟಿಯ ರಸ್ತೆ ಗಂಡ ಹೇಳಿದ ಹಾಗೇ ಇತ್ತು. ಸಮತಟ್ಟು, ಏರು, ಮತ್ತೆ ಏರು. ಮೈದುನ ಗೇರು ಬದಲಾಯಿಸುವಾಗೆಲ್ಲ ಅವಳು ಆ ಕೋಲಿನ ತುದಿಯ ಗುಂಡನ್ನು ನೋಡುತ್ತಿದ್ದಳು. ವರ್ಷಗಟ್ಟಲೆ ಒಂದೇ ಅಂಗೈ ಸವೆಸಿದ ನುಣುಪು ಅದರ ಮೇಲಿತ್ತು. ನೆತ್ತಿ ತಲುಪುವಾಗ ಮಂಜು ಕವಿದಿತ್ತು, ಚಳಿ ಕಿವಿ ಕೊರೆಯುತ್ತಿತ್ತು. ತಗಡಿನ ಮಾಡು, ಎರಡು ಉದ್ದನೆಯ ಬೆಂಚು. ಮೇಜಿನ ಮೇಲೆ ಹಾಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಅವಳ ಅಂಗೈ ತಾನಾಗಿಯೇ ಸವರಿತು.

ಆ ಕೈ ಹೊರಗೆ ಬಂತು. ಅದು ಬಿಳಿ ಗಡ್ಡದ ದಢೂತಿ ಗಂಡಸೊಬ್ಬನ ಕೈ. ಬೆರಳುಗಳು ಬಾಳೆಹಣ್ಣಿನಷ್ಟು ದಪ್ಪ. ಕೊರಳಲ್ಲಿ ದಾರಕ್ಕೆ ಕಟ್ಟಿದ, ತಗಡಿನ ಡಬ್ಬಿ ಕೊಯ್ಯುವ ಒಂದು ಕತ್ತರಿ ತೂಗುತ್ತಿತ್ತು.

"ಎರಡು ಸೂಪು" ಎಂದ ಮೈದುನ, ಅತ್ತಿಗೆಯ ಮುಖ ನೋಡದೆ.

ಗಡ್ಡದವನು ಕಪಾಟಿನಿಂದ ಒಂದು ತಗಡಿನ ಡಬ್ಬಿ ತೆಗೆದ. ತೋಳಿನ ಬಟ್ಟೆಯಿಂದ ಧೂಳು ಒರೆಸಿ, ಕೊರಳ ಕತ್ತರಿಯಿಂದ ಗರಗರ ಕೊಯ್ದು, ಕಾಳನ್ನು ಪಾತ್ರೆಗೆ ಸುರಿದ. ಡಬ್ಬಿಗೇ ನೀರು ಹಿಡಿದು ಕುಲುಕಿ ಅದನ್ನೂ ಹುಯ್ದ. ಒಂದು ಚಿಟಿಕೆ ಉಪ್ಪು. ಮನಸ್ಸು ಬಂದವನಂತೆ ಮೇಲಿಷ್ಟು ಮೆಣಸಿನ ಪುಡಿ. ಕುದಿ ಬಂದದ್ದೇ ಬಟ್ಟಲಿಗೆ ಬಗ್ಗಿಸಿ ತಂದಿಟ್ಟ.

ಅವಳು ಒಂದು ಚಮಚ ಬಾಯಿಗಿಟ್ಟಳು. ಬಿಸಿ, ಉಪ್ಪು, ತಗಡಿನ ವಾಸನೆ. ಬೇರೆ ಏನೂ ಇರಲಿಲ್ಲ.

"ಮೊದಲಿಂದಲೂ ಡಬ್ಬೀನೇನಾ?" ಎಂದು ಕೇಳಿದಳು.

"ಅಂಗಡಿ ಇಟ್ಟ ದಿನದಿಂದ ತಾಯಿ. ಈ ಎತ್ತರದಲ್ಲಿ ಹಸೀ ಕಾಳು ಬೇಯಿಸ್ತಾ ಕೂತ್ರೆ, ಅದು ಬೇಯೋ ಹೊತ್ತಿಗೆ ಗಿರಾಕಿ ಮನೆ ಸೇರಿ ಮಲಗಿರ್ತಾನೆ. ಅಡುಗೆ ನನಗೆಲ್ಲಿ ಬರುತ್ತೆ? ನೀರು ಕಾಯಿಸೋದು ಬರುತ್ತೆ."

"ಅಣ್ಣನ ಮನೆಯವರು ಇವರು" ಎಂದ ಮೈದುನ, ಮೆಲ್ಲಗೆ.

ಗಡ್ಡದವನು ಕೈಯಲ್ಲಿದ್ದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಎದುರಿನ ಬೆಂಚಿನಲ್ಲಿ ಕುಸಿದು ಕೂತ. "ಸೂಪಣ್ಣನ ಮನೆಯೋರಾ? ಹಾಗಾದ್ರೆ ನಿಂಬೆ ಸಿಪ್ಪೆ ತುರಿದು ಹಾಕಿದೋರು ನೀವೇ!"

ಅವಳ ಚಮಚ ಬಟ್ಟಲಲ್ಲೇ ನಿಂತಿತು.

"ಟೊಮೆಟೊ ಸುಟ್ಟು ಹಾಕಿದ್ರಲ್ಲ, ಅದನ್ನ ಕೇಳಿ ನಾವ್ಯಾರೂ ಅವತ್ತು ಬೇಗ ಎದ್ದು ಹೋಗಲಿಲ್ಲ. ಸಿನಿಮಾ ಕಥೆ ಹೇಳಿದ ಹಾಗೆ ಹೇಳೋರು ಪುಣ್ಯಾತ್ಮ. ಈ ಸಲ ನಮ್ಮನೇಲಿ ಏನು ಹಾಕಿದ್ಲು ಗೊತ್ತಾ ಅಂತ ಶುರು ಮಾಡಿದ್ರೆ ಮುಗೀತು. ನಾವೆಲ್ಲ ಈ ಡಬ್ಬಿ ಕಾಳು ನುಂಗ್ತಾ ಅವರ ಬಾಯಲ್ಲಿ ನಿಮ್ಮ ಸೂಪು ತಿಂತಿದ್ವಿ. ಮುಂದಿನ ಸಲ ಏನು ಹಾಕ್ತೀರಿ ಅಂತ ಪಂದ್ಯ ಬೇರೆ. ನಾನು ಜೀರಿಗೆ ಅಂದೆ, ಸೋತೆ."

"ನನಗೆ ಮಾತ್ರ ಏನೋ ಕಡಿಮೆ ಅಂತಿದ್ರು" ಎಂದಳು ಅವಳು.

"ಗೊತ್ತು. ನಾನೇ ಬೈದೆ ಒಂದ್ಸಲ. ಅಷ್ಟು ಚೆನ್ನಾಗಿದೆ ಅಂತೀರಿ, ಅವರಿಗೇ ಅದನ್ನ ಹೇಳೋಕೆ ನಿಮಗೇನು ದಾಡಿ ಅಂತ. ಅದಕ್ಕೆ ಅವರು, ಹೇಳಿದ್ರೆ ಮುಗೀತಲ್ಲಪ್ಪ, ಪಾತ್ರೆ ಇಳಿಸಿ ಇನ್ನೊಂದು ಕೆಲಸಕ್ಕೆ ಹೋಗ್ತಾಳೆ, ನಾನು ಯಾರ ಜೊತೆ ಕೂತ್ಕೊಳ್ಳಿ ಅಂದ್ರು."

ಅವಳು ತಲೆಯೆತ್ತಲಿಲ್ಲ. ಬಟ್ಟಲನ್ನೇ ನೋಡುತ್ತಾ ಕೇಳಿದಳು: "ಕಳೆದ ವರ್ಷ ಏನಂದ್ರು?"

ಗಡ್ಡದವನು ನೆನಪು ಮಾಡಿಕೊಂಡ. "ಏನು ಹೊಸದು ಅಂತ ಕೇಳಿದ್ವಿ. ಹೋಟೆಲಿಗೆ ಜನ ಜಾಸ್ತಿ, ಅವಳಿಗೆ ಕೈತುಂಬ ಕೆಲಸ ಅಂದ್ರು. ಅದರ ಮುಂದಿನ ಸಲವೂ ಹಾಗೇ ಅಂದ್ರು. ಆಮೇಲೆ ನಾವೂ ಕೇಳೋದು ಬಿಟ್ವಿ. ಸುಮ್ಮನೆ ತಿಂದು ಎದ್ದು ಹೋಗೋರು."

ಅವಳು ಬಟ್ಟಲನ್ನು ಹತ್ತಿರ ಎಳೆದುಕೊಂಡು ತಿನ್ನತೊಡಗಿದಳು. ಆರಿ ತಣ್ಣಗಾಗಿದ್ದ ಕಾಳನ್ನು ಒಂದೂ ಬಿಡದೆ, ತಳದ ನೀರಿನ ತನಕ ತಿಂದಳು. ಗಡ್ಡದವನು ದುಡ್ಡು ಮುಟ್ಟಲಿಲ್ಲ.

ಇಳಿಜಾರಿನಲ್ಲಿ ಲಾರಿ ಸುಮಾರು ದೂರ ಸಾಗಿದ ಮೇಲೆ ಅವಳು ಬಾಯಿಬಿಟ್ಟಳು. "ನಿನಗೆ ಗೊತ್ತಿತ್ತಾ?"

"ಡಬ್ಬಿ ಅಂತ ಗೊತ್ತಿತ್ತು ಅತ್ತಿಗೆ" ಎಂದ ಮೈದುನ. "ನಿಮಗೂ ಗೊತ್ತಿದೆ, ಇಬ್ಬರೂ ಸೇರಿ ಆಟ ಆಡ್ತೀರಿ ಅಂದ್ಕೊಂಡಿದ್ದೆ. ಗಂಡ ಹೆಂಡ್ತಿ ಮಧ್ಯೆ ನಾನ್ಯಾಕೆ ಮೂಗು ತೂರಿಸಲಿ ಅಂತ ಸುಮ್ಮನಿದ್ದೆ."

"ನಾನು ಆಡ್ತಿರಲಿಲ್ಲ" ಎಂದಳು ಅವಳು.

ಮುಂದಿನ ತಿರುವಿಗೆ ಮೈದುನ ಗೇರು ಇಳಿಸಿದ.

ವಾರದ ರಜೆಯ ದಿನ ಅವಳು ಕಾಳು ನೆನೆಸಿದಳು. ಮಗಳು ಬಂದು, ಏನಮ್ಮ ವಿಶೇಷ ಎನ್ನುತ್ತಾ ಅಪ್ಪನ ಮಣೆಯ ಮೇಲೆ ಕೂತಳು. ಘಾಟಿಯಲ್ಲಿ ನಡೆದದ್ದನ್ನು ಅವಳಿಗೆ ಇನ್ನೂ ಹೇಳಿರಲಿಲ್ಲ. ಗಾಜು ಉಜ್ಜುವ ಬೆರಳುಗಳು ಬೆಳ್ಳುಳ್ಳಿಯನ್ನು ಚಕಚಕನೆ ಸುಲಿದು ಮುಗಿಸಿದವು. "ಇನ್ನೇನಾದ್ರೂ ಇದೆಯಾ?" ಎಂದು ಮಗಳು ಕೈ ಕೊಡವಿಕೊಂಡಾಗ ಕಾಳಿಗೆ ಇನ್ನೂ ಕುದಿ ಬಂದಿರಲಿಲ್ಲ. ಅಮ್ಮ ಬೆಳ್ಳುಳ್ಳಿ ಹುರಿದಳು, ಟೊಮೆಟೊ ಸುಟ್ಟಳು, ಈರುಳ್ಳಿ ಬಾಡಿಸಿದಳು, ನಿಂಬೆಯ ಸಿಪ್ಪೆ ತುರಿದಳು. ಇಷ್ಟು ವರ್ಷ ಒಂದೊಂದಾಗಿ ಹಾಕಿದ್ದನ್ನೆಲ್ಲ ಒಟ್ಟಿಗೆ ಹಾಕಿದಳು. ಒಲೆಯನ್ನು ಸಣ್ಣಗೆ ಮಾಡಿ, ಸೌಟಿನಲ್ಲಿ ಸ್ವಲ್ಪ ಎತ್ತಿ ಊದಿ ಮಗಳ ಬಾಯಿಗೆ ಹಿಡಿದಳು.

"ಪಾಸಾ ಫೇಲಾ?"

ಮಗಳು ನಕ್ಕಳು. ಕಣ್ಣು ಮಾತ್ರ ತುಂಬಿ ಬಂತು. "ಪಾಸಮ್ಮ."

"ಸರಿಯಾಗಿ ನೋಡಿ ಹೇಳು. ಏನೋ ಒಂದು..."

ಅಮ್ಮನ ಸಮಾಧಾನಕ್ಕೆಂದು ಮಗಳು ಸೌಟನ್ನು ತಾನೇ ಇಸಿದುಕೊಂಡು, ಅಪ್ಪನ ಹಾಗೆಯೇ ಕಣ್ಣುಮುಚ್ಚಿ ಇನ್ನೊಮ್ಮೆ ಚಪ್ಪರಿಸಿದಳು. "ನಿಜವಾಗ್ಲೂ ಅಮ್ಮ. ಏನೂ ಕಡಿಮೆ ಇಲ್ಲ. ಸರಿಯಾಗಿದೆ."

ಅಮ್ಮ ಒಲೆಯ ತಿರುಪಿನ ಮೇಲೆ ಕೈಯಿಟ್ಟುಕೊಂಡು ನಿಂತಳು. ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಇನ್ನು ಅದಕ್ಕೆ ಹಾಕುವಂಥದ್ದು ಮನೆಯಲ್ಲಿ ಏನೂ ಉಳಿದಿರಲಿಲ್ಲ. ಗುಳ್ಳೆಗಳನ್ನು ನೋಡುತ್ತಾ ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಆಮೇಲೆ ಒಲೆ ಆರಿಸಿದಳು.