ಎರಡು ಪ್ಲಾಸ್ಟಿಕ್ ಕೂಡಿಸಿದ ಮುಚ್ಚಳ

ಸೋಪಿನ ಡಬ್ಬಿಯನ್ನೂ ವೈರಿನ ಸಿಪ್ಪೆಯನ್ನೂ ಒಂದೇ ಬಾಣಲೆಯಲ್ಲಿ ಕರಗಿಸಿ ಕರೆಂಟಿನ ಸ್ವಿಚ್ಚಿಗೆ ಮುಚ್ಚಳ ಮಾಡಿದ ಮಹಾ ಬುದ್ಧಿವಂತ ನಾನೇ. ಆಗ ನಮ್ಮ ಸೀಮೆ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಬನಹಟ್ಟಿಯ ಒಬ್ಬ ವೈರಿಂಗ್ ಮೇಸ್ತ್ರಿಯ ಹತ್ತಿರ ಎರಡು ವರ್ಷ ದುಡಿದಿದ್ದೆ. ಸೂರ್ಯನಿಗೂ ನಾನೇ ಕನೆಕ್ಷನ್ ಕೊಟ್ಟವನಂತೆ ತಿರುಗುತ್ತಿದ್ದೆ.

ಹಿಂದಿನ ಓಣಿಯಲ್ಲಿ ನೇಯುತ್ತಿದ್ದ ಅಕ್ಕನೊಬ್ಬಳ ಮಗ್ಗದ ಸ್ವಿಚ್ಚಿನ ಮುಚ್ಚಳ ಒಡೆದಿತ್ತು. ಹೊಸದನ್ನು ತರಲು ಮೇಸ್ತ್ರಿ ಸೊಲ್ಲಾಪುರಕ್ಕೆ ಹೋದರು. ಅಲ್ಲಿಯವರೆಗೆ ಮಗ್ಗ ಬಂದ್. ನನಗೆ ತಡೆಯಲಾಗಲಿಲ್ಲ. ಸೋಪಿನ ಡಬ್ಬಿ ಗಟ್ಟಿ, ಆದರೆ ಬಿದ್ದರೆ ಚೂರಾಗುತ್ತದೆ. ಸಿಪ್ಪೆ ಎಷ್ಟು ಬೇಕಾದರೂ ಬಾಗುತ್ತದೆ, ಆದರೆ ನೆಟ್ಟಗೆ ನಿಲ್ಲುವುದಿಲ್ಲ. ಎರಡರಲ್ಲೂ ಕರೆಂಟು ಹರಿಯುವುದಿಲ್ಲ. ಕೂಡಿಸಿದರೆ ಎಲ್ಲ ಒಳ್ಳೆಯ ಗುಣ ಒಂದರಲ್ಲೇ ಸಿಗಬೇಕಲ್ಲ! ಆ ಹೊಗೆಗೆ ಓಣಿಯ ನಾಯಿಗಳೂ ಕೆಮ್ಮಿದವು. ಮುಚ್ಚಳ ಮಾತ್ರ ಮಿರಿಮಿರಿ ಹೊಳೆಯಿತು. ಮೇಸ್ತ್ರಿಯ ಅಂಗಡಿಯಲ್ಲಿ ಬಲ್ಬು ಜೋಡಿಸಿ ಪರೀಕ್ಷೆ ಮಾಡಿ, ಪಾಸು ಮಾಡಿ, ಅಕ್ಕನ ಗೋಡೆಗೆ ಕೂರಿಸಿದೆ.

ಮೂರನೇ ದಿನ ಅವಳು ಬಾಗಿಲಲ್ಲೇ ನನ್ನನ್ನು ತಡೆದಳು.

"ತಮ್ಮಾ, ಸ್ವಿಚ್ ಹಾಕೂಮುಂದ ಬೆರಳು ಜುಮ್ ಅಂತಾವ ನೋಡಪಾ."

"ಅದು ನನ್ನ ಕೈಗುಣರೀ ಅಕ್ಕಾರ!"

"ನಿನ್ನ ಕೈಗುಣಕ್ಕ ಬೆಂಕಿ ಹಚ್ಚಲಿ. ನೀನ ಮುಟ್ಟಿ ನೋಡಲೇ."

ನಗುತ್ತಲೇ ಮುಟ್ಟಿದೆ. ನೂಲಿನ ಎಳೆ ಒಣಗಿ ಹರಿಯದಿರಲೆಂದು ಅವಳು ಆಗಷ್ಟೇ ನೆಲಕ್ಕೆ ನೀರು ಚಿಮುಕಿಸಿದ್ದಳು, ನನ್ನದು ಬರಿಗಾಲು. ನನ್ನ ಕೂಗು ಮುಧೋಳ ದಾಟಿರಬೇಕು. ಕಣ್ಣು ಬಿಟ್ಟಾಗ ನೂಲಿಗೆ ಹಾಕುವ ಗಂಜಿಯ ಹಂಡೆಯೊಳಗೆ ಕುಳಿತಿದ್ದೆ. ನನಗೇ ನಗು ಬಂತು.

ಅಕ್ಕ ನಗಲಿಲ್ಲ. ತನ್ನ ಬೆರಳುಗಳನ್ನೇ ನೋಡುತ್ತಾ ನಿಂತಿದ್ದಳು. ಎರಡು ದಿನ ಅವು ಅದೇ ಮುಚ್ಚಳ ಮುಟ್ಟಿದ್ದವು. ಆಗ ನನ್ನ ನಗುವೂ ನಿಂತಿತು.

ಸಂಜೆ ಊರಿಗೆ ಮರಳಿದ ಮೇಸ್ತ್ರಿ ಮುಚ್ಚಳವನ್ನು ಬಿಚ್ಚಿ ಉಗುರಿನಿಂದ ಮೀಟಿದರು. ಅದು ಹಳೆಯ ರೊಟ್ಟಿಯಂತೆ ಪದರಪದರವಾಗಿ ಬಿಟ್ಟುಕೊಂಡಿತು. ಡಬ್ಬಿಯ ಪ್ಲಾಸ್ಟಿಕ್ ಬೇರೆ, ಸಿಪ್ಪೆಯದು ಬೇರೆ, ಮೇಲಷ್ಟೇ ಒಂದಾಗಿದ್ದವು. ಮಗ್ಗದ ನಡುಕಕ್ಕೆ ಸಂದು ಬಿಟ್ಟು, ಅದರೊಳಗೆಲ್ಲ ತೇವ ಇಳಿದಿತ್ತು. ಕರೆಂಟಿಗೆ ಅಷ್ಟು ದಾರಿ ಸಾಕಾಗಿತ್ತು.

ಬೈಗುಳಕ್ಕೆ ತಲೆ ತಗ್ಗಿಸಿ ಕಾದೆ. ಅವರು ಬೈಯಲಿಲ್ಲ, ಹೊಸ ಮುಚ್ಚಳವನ್ನು ತಾವೇ ಕೂರಿಸಿ ಹೇಳಿದರು:

"ಒಣಾ ಅಂಗಡ್ಯಾಗ ಕುಂತು ಪರೀಕ್ಷೆ ಮಾಡಿದೆಲಾ, ಆಕಿ ನಿಂದರೂದು ಹಸಿ ನೆಲದ ಮ್ಯಾಲೆ. ಅದಿರ್ಲಿ, ಜುಮ್ ಅಂತೈತಿ ಅಂತ ಆಕಿ ಬಾಯಿಬಿಟ್ಟು ಹೇಳಿದಾಗರ ಕೇಳಬೇಕಿತ್ತಲ್ಲೋ."