ಮೂರು ಸಲ ಅಳಿಸಿದ ಹೆಸರು

ಇವತ್ತು ಬೆಳಿಗ್ಗೆ ಕಾಫಿ ಆರುವ ಮೊದಲೇ ಮುಗಿಸಿಬಿಡೋಣವೆಂದು ಹಿಡಿದ ಕೆಲಸ ಹತ್ತೂವರೆಯಾದರೂ ಮುಗಿದಿರಲಿಲ್ಲ. ಪೋಸ್ಟ್‌ಗ್ರೆಸ್ಸಿನ ಹಳೆಯ ಆವೃತ್ತಿಯಿಂದ ಹೊಸದಕ್ಕೆ ದಾಟಬೇಕು, ಅಷ್ಟೆ. ಪೋಸ್ಟ್‌ಗ್ರೆಸ್ ಅಂದರೆ ಮಾಹಿತಿಯನ್ನು ಕೋಷ್ಟಕಗಳಲ್ಲಿ ಜೋಡಿಸಿಡುವ ಒಂದು ಡೇಟಾಬೇಸ್. ಯಾರು ಬೇಕಾದರೂ ಬಳಸಬಹುದು, ಒಳಗೆ ಏನಿದೆಯೆಂದು ಬಿಚ್ಚಿ ನೋಡಬಹುದು, ಕಾಸು ಕೊಡಬೇಕಾಗಿಲ್ಲ. ಕಾಸು ಕೊಡದ ಕಾರಣ ತಲೆಕೆಟ್ಟಾಗ ಬೈಯುವುದಕ್ಕೆ ಯಾರೂ ಸಿಗುವುದಿಲ್ಲ ಅನ್ನುವುದೊಂದೇ ಕೊರತೆ. ಪರದೆಯ ಮೇಲೆ ಕೋಷ್ಟಕಗಳ ಹೆಸರುಗಳು ಸಾಲಾಗಿ ಹಾದುಹೋಗುತ್ತಿದ್ದವು. ಅವುಗಳ ನಡುವೆ ‘ಕರೆಯಬಾರದವರು’ ಎಂಬ ಹೆಸರು ಕಂಡು ಕೈ ನಿಂತಿತು. ಆ ಕೋಷ್ಟಕವನ್ನು ನಾನು ಕಟ್ಟಿದ್ದು ವೇಣೂರಿನ ಸುಜಾತಕ್ಕನ ಕೈಯಲ್ಲಿ ಮಂಗಳಾರತಿ ಮಾಡಿಸಿಕೊಂಡ ಮರುದಿನ.

ನಾನು ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವನು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕೆಲವರು ಸೇರಿ ರಕ್ತದಾನಿಗಳ ಬಳಗವೊಂದನ್ನು ಕಟ್ಟಿಕೊಂಡಿದ್ದರು. ಆಸ್ಪತ್ರೆಯಲ್ಲಿ ಯಾರಿಗಾದರೂ ರಕ್ತ ಬೇಕಾದರೆ, ಅವರ ಕಡೆಯವರು ಮೊಬೈಲಿನಲ್ಲಿ ರಕ್ತದ ಗುಂಪು ಮತ್ತು ಊರನ್ನು ಒತ್ತಿದರೆ ಸಾಕು, ಹತ್ತಿರದ ದಾನಿಗಳ ನಂಬರು ಬರಬೇಕು. ‘ಕಂಪ್ಯೂಟರ್ ಸರ್ ಇದ್ದಾರಲ್ಲ’ ಎಂದು ಅದನ್ನು ನನ್ನ ತಲೆಗೆ ಕಟ್ಟಿದರು. ಎರಡು ಸಾಯಂಕಾಲದ ಕೆಲಸ ಎಂದುಕೊಂಡೆ. ಈಗ ಒಂಬತ್ತನೆಯ ವರ್ಷ.

ಡೇಟಾಬೇಸು ಒಮ್ಮೆಯೂ ನನಗೆ ತೊಂದರೆ ಕೊಟ್ಟದ್ದಿಲ್ಲ. ತೊಂದರೆಯೆಲ್ಲ ಅದರೊಳಗೆ ಮನುಷ್ಯರನ್ನು ತುಂಬುವಾಗ. ವಸಂತ ಎಂಬ ಸರಳ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ರೀತಿ ಬರೆಯುತ್ತಾರೆ, ಪೂಜಾರಿಯನ್ನು ಐದು ರೀತಿ. ಗುಣಿಸಿದರೆ ಒಬ್ಬನೇ ವಸಂತ ಪೂಜಾರಿ ಇಪ್ಪತ್ತು ಜನ ಆಗಬಹುದು. ಊರು ಯಾವುದು ಎಂಬ ಜಾಗದಲ್ಲಿ ಒಬ್ಬರು ‘ಶಾಲೆಯ ಹಿಂದೆ’ ಎಂದು ತುಂಬಿಸಿದ್ದರು. ಯಾವ ಶಾಲೆ, ಯಾವ ಊರಿನದ್ದು ಎಂದು ನಾನು ಯಾರನ್ನು ಕೇಳಲಿ, ನೀವೇ ಹೇಳಿ.

ಇದರ ಮೇಲೆ ಪದ್ಮನಾಭ ಮಾಸ್ಟ್ರು. ಬೆಳ್ತಂಗಡಿಯ ಕಡೆಯ ದಾನಿಗಳನ್ನು ನೋಡಿಕೊಳ್ಳುವ ನಿವೃತ್ತ ಪಿ.ಟಿ. ಮೇಷ್ಟ್ರು. ಒಳ್ಳೆಯವರು, ಆದರೆ ನನ್ನ ಡೇಟಾಬೇಸಿನ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ತಮ್ಮದೇ ಪಟ್ಟಿಯನ್ನು ತಮ್ಮದೇ ಕಂಪ್ಯೂಟರಿನಲ್ಲಿ ಇಟ್ಟುಕೊಂಡು, ಪ್ರತಿ ಭಾನುವಾರ ಮೊದಲಿನಿಂದ ಕೊನೆಯವರೆಗೆ ಇಡಿಯಾಗಿ ಕಳಿಸುತ್ತಿದ್ದರು. ಬದಲಾದದ್ದು ಮಾತ್ರ ಕಳಿಸಿ ಎಂದು ಎಷ್ಟೋ ಸಲ ಹೇಳಿ ನೋಡಿದೆ. ತಮ್ಮ ಪಟ್ಟಿ ಸರಿ ಉಂಟು, ಸರಿ ಇಲ್ಲದ್ದು ನನ್ನದು ಎಂಬುದು ಅವರ ಉತ್ತರ. ಕೊನೆಗೆ ಸೋತು, ಆ ಪಟ್ಟಿ ತಾನಾಗಿ ಒಳಗೆ ಸೇರಿಕೊಳ್ಳುವಂತೆ ವ್ಯವಸ್ಥೆ ಮಾಡಿಟ್ಟೆ. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡದ್ದೂ ನೆನಪಿದೆ.

ಸುಜಾತಕ್ಕನ ಮೊದಲ ಫೋನು ಬಂದದ್ದು ಆಮೇಲೆ. ಗಂಡ ವಸಂತ ಪೂಜಾರಿ ತೀರಿಕೊಂಡು ನಾಲ್ಕು ತಿಂಗಳಾಯಿತು, ಈಗಲೂ ರಕ್ತ ಕೇಳಿ ಫೋನು ಬರುತ್ತದೆ, ಹೆಸರು ತೆಗೆಯಿರಿ ಎಂದರು. ಮಾತು ಚಿಕ್ಕದು, ದನಿ ಗಟ್ಟಿ. ವಸಂತಣ್ಣ ನನಗೆ ಗೊತ್ತಿದ್ದವರೇ. ಮೂಡುಬಿದಿರೆ–ವೇಣೂರು ಬಸ್ಸಿನ ಕಂಡಕ್ಟರ್, ಓ ನೆಗೆಟಿವ್. ಫೋನು ಬಂದರೆ ಟಿಕೆಟಿನ ಚೀಲವನ್ನು ಡ್ರೈವರಿನ ಕೈಗೆ ಕೊಟ್ಟು, ಇದ್ದಲ್ಲೇ ಇಳಿದು ಆಸ್ಪತ್ರೆಗೆ ಹೋಗುತ್ತಿದ್ದ ಮನುಷ್ಯ. ಸಂಕಟವಾಯಿತು. ಸುಜಾತಕ್ಕ ಫೋನಿನಲ್ಲಿ ಇದ್ದಂತೆಯೇ ಒಂದು ಸಾಲಿನ ಆಜ್ಞೆ ಹೊಡೆದು ಹೆಸರನ್ನು ಅಳಿಸಿ, ಇನ್ನು ಬರುವುದಿಲ್ಲ ಅಕ್ಕ ಎಂದೆ.

ಭಾನುವಾರ ಮಾಸ್ಟ್ರ ಪಟ್ಟಿ ಬಂತು. ವಸಂತಣ್ಣ ಅದರ ಜೊತೆ ವಾಪಸು ಬಂದರು.

ಎರಡನೆಯ ಫೋನಿಗೆ ನಾನು ಇನ್ನೊಮ್ಮೆ ಅಳಿಸಿದೆ. ಮಾಸ್ಟ್ರಿಗೂ ಹೇಳಿ ಅವರ ಪಟ್ಟಿಯಿಂದ ತೆಗೆಸಿದೆ. ಅವರು ತೆಗೆದದ್ದು ಒಂದು ಸಾಲು. ಅದೇ ಮನುಷ್ಯ ಇನ್ನೊಂದು ಸ್ಪೆಲಿಂಗಿನಲ್ಲಿ, ನಂಬರಿನ ಮೊದಲಿಗೆ ಒಂದು ಸೊನ್ನೆ ಸೇರಿಸಿಕೊಂಡು, ಅದೇ ಪಟ್ಟಿಯಲ್ಲಿ ಇನ್ನೂರು ಸಾಲು ಕೆಳಗೆ ಕೂತಿದ್ದದ್ದು ಅವರಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ಡೇಟಾಬೇಸು ಮಾತ್ರ ಹೇಳಿದ ಮಾತು ಕೇಳುವ ಪ್ರಾಣಿ. ಇದು ಬೇರೆ ಹೆಸರು, ಬೇರೆ ನಂಬರು, ಹೊಸ ದಾನಿ ಎಂದು ಗೌರವದಿಂದ ಬರಮಾಡಿಕೊಂಡಿತು.

ಮೂರನೆಯ ಸಲ ಸುಜಾತಕ್ಕ ಬೈಯಲಿಲ್ಲ. ಪುರುಸೊತ್ತು ಇದ್ದರೆ ಒಮ್ಮೆ ಅಂಗಡಿಗೆ ಬನ್ನಿ ಎಂದರು. ಹೆದರಿಕೆಯಾದದ್ದು ಅದಕ್ಕೇ. ಅಂದೇ ಮೂರನೆಯ ಬಾರಿ ಹೆಸರು ಅಳಿಸಿ, ಮಧ್ಯಾಹ್ನದ ಬಸ್ಸು ಹತ್ತಿದೆ.

ವೇಣೂರಿನ ಪೇಟೆಯಲ್ಲಿ ಅವರದು ಪುಟ್ಟ ಟೈಲರ್ ಅಂಗಡಿ. ಒಂದು ಮಿಷನ್, ಗೋಡೆ ತುಂಬ ರವಿಕೆಗಳು. ನಾನು ದಾರಿಯುದ್ದಕ್ಕೂ ಕ್ಷಮೆಯ ಮಾತು ಜೋಡಿಸಿಕೊಂಡು ಬಂದಿದ್ದೆ: ತೀರಿಹೋದವರ ಹೆಸರು ಹಿಡಿದು ಪದೇ ಪದೇ ಕೇಳಿದರೆ ನಿಮಗೆ ಎಷ್ಟು ನೋವಾಗುತ್ತದೆ, ನನಗೆ ಅರ್ಥವಾಗುತ್ತದೆ ಎಂದೆಲ್ಲ. ಅರ್ಧ ಹೇಳುವಷ್ಟರಲ್ಲಿ ಮಿಷನ್ನಿನ ಮೇಲಿದ್ದ ವಸಂತಣ್ಣನ ಫೋನು ಹೊಡೆದುಕೊಂಡಿತು.

ಮೂಡುಬಿದಿರೆಯ ಆಸ್ಪತ್ರೆಯೊಂದರಿಂದ ಯಾರೋ ಗಂಡಸು. ಹೆಂಡತಿಗೆ ಹೆರಿಗೆ, ರಕ್ತ ನಿಲ್ಲುತ್ತಿಲ್ಲ. ನಾನು ಅಳಿಸುವ ಮೊದಲೇ ಈ ನಂಬರು ಬರೆದುಕೊಂಡಿದ್ದನಂತೆ. ಸುಜಾತಕ್ಕ ಗಂಡ ಸತ್ತ ವಿಷಯ ಎತ್ತಲೇ ಇಲ್ಲ. ಅಳತೆ ಪುಸ್ತಕದ ಕೊನೆಯ ಹಾಳೆ ತೆರೆದರು. ಅಲ್ಲಿ ಏಳೆಂಟು ಹೆಸರು, ನಂಬರು. “ಅವರು ಸಿಗುದಿಲ್ಲ. ಇನ್ನೊಬ್ಬರದ್ದು ಹೇಳ್ತೇನೆ, ಬರ್ಕೊಳ್ಳಿ,” ಎಂದು ಸಿದ್ಧಕಟ್ಟೆಯ ಒಬ್ಬರ ನಂಬರು ಕೊಟ್ಟರು. ಫೋನು ಇಟ್ಟವರೇ ಸಿದ್ಧಕಟ್ಟೆಗೆ ತಾವೇ ಫೋನು ಮಾಡಿ, ಆ ಮನುಷ್ಯ ಬೈಕು ಹತ್ತುವವರೆಗೆ ಬಿಡಲಿಲ್ಲ. ಎಲ್ಲ ಸೇರಿ ಮೂರು ನಿಮಿಷ ಆಗಿರಬಹುದು.

ಆಮೇಲೆ ನನ್ನ ಕಡೆ ತಿರುಗಿದರು.

“ನನಗೆ ಬೇಜಾರಾಗ್ತದೆ ಅಂತ ನಾನು ಫೋನ್ ಮಾಡಿದ್ದಲ್ಲ ಸರ್. ಮೊದಲ ಸಲ ಕಾಲ್ ಬಂದಾಗ ನನಗೆ ಅಳು ತಡೀಲಿಕ್ಕೆ ಆಗ್ಲಿಲ್ಲ. ಪಾಪ, ಆ ಹುಡುಗ ಹತ್ತು ನಿಮಿಷ ನನಗೆ ಸಮಾಧಾನ ಹೇಳಿದ. ಆ ಹತ್ತು ನಿಮಿಷ ನನ್ನದಾ? ಅಲ್ಲಿ ಒಳಗೆ ಮಲಗಿದವರದ್ದು.”

ಆ ಒಳಗಿದ್ದವರು ಏನಾದರು ಎಂದು ಕೇಳಿದೆ. ಗೊತ್ತಿಲ್ಲ ಎಂದರು. ಮತ್ತೆ ಫೋನು ಮಾಡಿ ಕೇಳಲು ಅವರಿಗೆ ಧೈರ್ಯ ಬಂದಿರಲಿಲ್ಲ. ಅಂದಿನಿಂದ ಗಂಡನ ಫೋನಿನಲ್ಲಿದ್ದ ಹಳೆಯ ಓ ನೆಗೆಟಿವ್ ಗೆಳೆಯರನ್ನೆಲ್ಲ ಹುಡುಕಿ ಆ ಹಾಳೆಯಲ್ಲಿ ಬರೆದಿಟ್ಟಿದ್ದರು. ನಾನು ಇಷ್ಟು ವರ್ಷ ಹೆಸರುಗಳನ್ನು ಕಾಯ್ದುಕೊಂಡು ಬಂದಿದ್ದೆ. ಕರೆದರೆ ಬರುತ್ತಾರೋ ಎಂದು ಒಬ್ಬರನ್ನೂ ಕೇಳಿರಲಿಲ್ಲ.

ಮರುದಿನ ‘ಕರೆಯಬಾರದವರು’ ಕಟ್ಟಿದೆ. ಇಷ್ಟು ವರ್ಷ ಮನೆಯವರು ತಿಳಿಸಿ ನಾನು ಬರೆದಿಟ್ಟುಕೊಂಡಿದ್ದ, ತೀರಿಕೊಂಡವರ, ರಕ್ತ ಕೊಡಲಾಗದವರ ನಂಬರಿನ ಕೊನೆಯ ಹತ್ತು ಅಂಕಿ ಮಾತ್ರ ಅದರಲ್ಲಿ. ಮೊದಲಿಗೆ ಸೊನ್ನೆ ಇರಲಿ, ಮತ್ತೇನೇ ಇರಲಿ, ಹೆಸರನ್ನು ಹೇಗೆ ಬೇಕಾದರೂ ಬರೆದಿರಲಿ, ಆ ಹತ್ತು ಅಂಕಿ ಹೊಂದಿದರೆ ಒಳಗೆ ಬಿಡುವುದಿಲ್ಲ. ಭಾನುವಾರ ಮಾಸ್ಟ್ರ ಪಟ್ಟಿಯಿಂದ ಮೂವತ್ತೊಂದು ಸಾಲು ಹೊರಗೆ ಬಿತ್ತು. ಜಗಳಕ್ಕೆಂದೇ ಫೋನು ಮಾಡಿದ ಮಾಸ್ಟ್ರಿಗೆ ಆ ಹೆಸರುಗಳನ್ನು ಒಂದೊಂದಾಗಿ ಓದಿ ಹೇಳಿದೆ. ಅರ್ಧಕ್ಕೆ ಬರುವಾಗ ಅವರು ಜಗಳ ಬಿಟ್ಟು ಉಳಿದ ಹೆಸರುಗಳನ್ನು ಬರೆದುಕೊಳ್ಳತೊಡಗಿದರು. ಹಲವರು ಅವರ ಹಳೆಯ ಶಿಷ್ಯರು.

ಆ ಹೆರಿಗೆಯ ಹೆಂಗಸು ಬದುಕಿದಳು. ಈ ಸಲ ಸುಜಾತಕ್ಕ ತಾವೇ ಫೋನು ಮಾಡಿ ಕೇಳಿದ್ದರು.

ಅಲ್ಲಿಂದ ನನಗೆ ಹೊಸ ಕಾಟ ಶುರುವಾಯಿತು. ನನ್ನಿಂದ ಪಟ್ಟಿಯ ಪ್ರತಿ ತರಿಸಿಕೊಂಡ ಸುಜಾತಕ್ಕ ದಿನಕ್ಕೆ ಹತ್ತು ದಾನಿಗಳಿಗೆ ಫೋನು ಮಾಡಿ, ಇದ್ದಾರಾ, ಬರುತ್ತಾರಾ ಎಂದು ಕೇಳಿ ನನಗೆ ವರದಿ ಒಪ್ಪಿಸುತ್ತಾರೆ. ನೆರಿಯ ಊರಿನವರೊಬ್ಬರು ದುಬೈಗೆ ಹೋಗಿದ್ದಾರೆ, ಇನ್ನೊಬ್ಬರಿಗೆ ಸಕ್ಕರೆ ಕಾಯಿಲೆ, ಮತ್ತೊಬ್ಬರ ನಂಬರು ಈಗ ಮಗಳ ಹತ್ತಿರ. ಪಾಠದ ನಡುವೆ ಬರುತ್ತದೆ, ಊಟದ ನಡುವೆ ಬರುತ್ತದೆ. ಸಾಯಂಕಾಲ ಒಟ್ಟಿಗೆ ಹೇಳಿ ಎಂದರೆ, ಸಾಯಂಕಾಲದೊಳಗೆ ಯಾರಿಗಾದರೂ ಬೇಕಾದರೆ ಎಂದು ಕೇಳುತ್ತಾರೆ. ಹಾಗಾಗಿ ಪಾಠ ನಿಲ್ಲಿಸಿ ಬರೆದುಕೊಳ್ಳುತ್ತೇನೆ.

ಇವತ್ತೂ ಕೋಷ್ಟಕಗಳ ಸಾಲು ಮುಗಿಯುವ ಮೊದಲೇ ಅವರ ಫೋನು ಬಂತು. ಈ ಸಲ ಓ ಪಾಸಿಟಿವ್‌ನವರ ಸರದಿಯಂತೆ. ನಾಲ್ಕು ಬದಲಾವಣೆ ಹೇಳಿದರು, ಬರೆದುಕೊಂಡೆ. ಆಮೇಲೆ ಐದನೆಯದು.

“ಇದರಲ್ಲಿ ನಿಮ್ಮ ಹೆಸರು ಉಂಟು ಸರ್. ಒಮ್ಮೆಯೂ ಕೊಟ್ಟದ್ದು ಕಾಣುದಿಲ್ಲ. ಇಡುದಾ, ತೆಗೆಯುದಾ?”

ಒಂಬತ್ತು ವರ್ಷದಿಂದ ದಿನಾ ತಿದ್ದುತ್ತಿದ್ದ ಪಟ್ಟಿ. ಅದರಲ್ಲಿ ನನ್ನದೇ ಸಾಲನ್ನು ನಾನು ಓದಿರಲಿಲ್ಲ.

“ಇಡಿ ಅಕ್ಕ,” ಎಂದೆ. “ಬರ್ತೇನೆ.”

ಯಾವಾಗ ಎಂದು ಕೇಳಿದರು. ಪೆನ್ನು ಹಿಡಿದು ಕಾಯುತ್ತಿರುವುದು ಇಲ್ಲಿಗೇ ಗೊತ್ತಾಗುತ್ತಿತ್ತು.